ಫ್ಯಾಕ್ಟರಿಯ ಚೌಕಾಸಿ: ಕುರ್ಚಿ ಯಾರಿಗೆ, ಲೆಕ್ಕ ಯಾರದು

ಪೀಣ್ಯದಲ್ಲೋ ಬಿಡದಿಯಲ್ಲೋ ಹೊಸಕೋಟೆಯಲ್ಲೋ ಇರುವ ದೊಡ್ಡ ಕಾರ್ಖಾನೆಯೊಂದರ ಕಾಯಂ ಕಾರ್ಮಿಕನ ಸಂಬಳ ಎಷ್ಟು ಏರಬೇಕೆಂದು ವಿಧಾನಸೌಧ ತೀರ್ಮಾನಿಸುವುದಿಲ್ಲ, ದೆಹಲಿಯೂ ತೀರ್ಮಾನಿಸುವುದಿಲ್ಲ. ಸರ್ಕಾರ ಗೊತ್ತು ಮಾಡುವುದು ಕನಿಷ್ಠ ವೇತನವನ್ನು ಮಾತ್ರ. ಅದಕ್ಕಿಂತ ಮೇಲಿನದ್ದೆಲ್ಲ ಮೂರು ನಾಲ್ಕು ವರ್ಷಕ್ಕೊಮ್ಮೆ ಆಡಳಿತ ವರ್ಗವೂ ಯೂನಿಯನ್ನೂ ಎದುರುಬದುರು ಕೂತು ಮಾಡಿಕೊಳ್ಳುವ ದೀರ್ಘಾವಧಿ ಒಪ್ಪಂದದಲ್ಲಿ ಇತ್ಯರ್ಥವಾಗುತ್ತದೆ. ಕಾರ್ಮಿಕರ ಬಾಯಲ್ಲಿ ಅದು ಎಲ್‌ಟಿಎಸ್. ಮಗಳ ಮದುವೆ, ಸೈಟಿನ ಕಂತು, ಬ್ಯಾಂಕ್ ಸಾಲ ಇವೆಲ್ಲ ಎಲ್‌ಟಿಎಸ್ ಯಾವಾಗ ಆಗುತ್ತದೆ ಎನ್ನುವುದರ ಮೇಲೆ ನಿಂತಿರುವ ಮನೆಗಳು ಬೆಂಗಳೂರಿನ ಸುತ್ತ ಸಾವಿರಾರು. ಆದರೂ ಈ ಮಾತುಕತೆ ಪತ್ರಿಕೆಗಳಲ್ಲಿ ಕಾಣಿಸಿಕೊಳ್ಳುವುದು ಅದು ಮುರಿದು ಬಿದ್ದ ದಿನ ಮಾತ್ರ. ಮುಷ್ಕರವಾದರೆ ಸುದ್ದಿ, ಲಾಕೌಟ್ ಆದರೆ ದೊಡ್ಡ ಸುದ್ದಿ. ಮುರಿಯದೆ ಮುಗಿದ ನೂರಾರು ಒಪ್ಪಂದಗಳನ್ನು ಕೇಳುವವರೇ ಇಲ್ಲ.

ಮೊದಲು ಆ ಕೋಣೆಯೊಳಗೆ ಏನು ನಡೆಯುತ್ತದೆ ನೋಡೋಣ. ಹಳೆಯ ಒಪ್ಪಂದದ ಅವಧಿ ಮುಗಿಯುವ ಹೊತ್ತಿಗೆ ಯೂನಿಯನ್ ಬೇಡಿಕೆ ಪಟ್ಟಿ ಕೊಡುತ್ತದೆ. ಮೂಲ ವೇತನ, ತುಟ್ಟಿಭತ್ಯೆ, ಮನೆ ಬಾಡಿಗೆ, ಶಿಫ್ಟ್ ಅಲೋಯನ್ಸ್, ಕ್ಯಾಂಟೀನ್, ಬಸ್ಸು, ತಂದೆತಾಯಿಗೂ ವೈದ್ಯಕೀಯ ವಿಮೆ, ತೀರಿಕೊಂಡವರ ಮಕ್ಕಳಿಗೆ ಕೆಲಸ, ಹೀಗೆ ಪಟ್ಟಿ ಉದ್ದಕ್ಕೆ ಬೆಳೆಯುತ್ತದೆ. ಕೇಳಿದ್ದರಲ್ಲಿ ಅರ್ಧವೂ ಸಿಗದೆಂದು ಎರಡೂ ಕಡೆಗೂ ಗೊತ್ತು. ಹೊರಗಿನವರಿಗೆ ಗೊತ್ತಿಲ್ಲದ ಸಂಗತಿಯೆಂದರೆ ಆಡಳಿತ ವರ್ಗವೂ ಒಂದು ಪಟ್ಟಿ ತರುತ್ತದೆ. ಗಂಟೆಗೆ ಇಷ್ಟು ಪೀಸು ಹೆಚ್ಚಬೇಕು, ಒಬ್ಬ ಎರಡು ಮೆಷಿನ್ ನೋಡಬೇಕು, ಲೈನಿನಲ್ಲಿ ಇಷ್ಟು ಜನ ಕಡಿಮೆಯಾಗಬೇಕು, ಟೀ ವಿರಾಮ ಹೀಗಿರಬೇಕು, ರಜೆಯ ನಿಯಮ ಬದಲಾಗಬೇಕು. ಗೇಟ್ ಮೀಟಿಂಗಿನಲ್ಲಿ ಚಪ್ಪಾಳೆ ಬೀಳುವುದು ಮೊದಲ ಪಟ್ಟಿಗೆ. ಮುಂದಿನ ನಾಲ್ಕು ವರ್ಷ ಮೈಕೈ ನೋವು ಎಷ್ಟಿರುತ್ತದೆ ಎಂದು ನಿರ್ಧರಿಸುವುದು ಎರಡನೆಯದು. ಒಳ್ಳೆಯ ಯೂನಿಯನ್ ನಾಯಕನನ್ನು ನಾನು ಅಳೆಯುವುದು ಅವನು ಎರಡನೆಯ ಪಟ್ಟಿಯನ್ನು ಎಷ್ಟು ಸೂಕ್ಷ್ಮವಾಗಿ ಓದುತ್ತಾನೆ ಎನ್ನುವುದರಿಂದ.

ಕೊಡುಕೊಳ್ಳುವಿಕೆಯಲ್ಲಿ ಒಂದು ಕಡೆ ಬಿಟ್ಟು ಇನ್ನೊಂದು ಕಡೆ ಪಡೆಯುವುದಿರುತ್ತದೆ. ಆದ್ದರಿಂದ ಒಪ್ಪಂದವನ್ನು ಕಲಮು ಕಲಮಾಗಿ ಬಿಡಿಸಿ ಇದು ನ್ಯಾಯ, ಇದು ಅನ್ಯಾಯ ಎಂದು ಹೇಳಲಾಗದು, ಒಟ್ಟಾರೆಯಾಗಿ ಒಪ್ಪಬೇಕು ಇಲ್ಲವೇ ಬಿಡಬೇಕು ಎಂದು ಸುಪ್ರೀಂ ಕೋರ್ಟ್ ಹರ್ಬರ್ಟ್‌ಸನ್ಸ್ ಪ್ರಕರಣದಲ್ಲಿ ಹೇಳಿತ್ತು. ವಾದ ಸರಿಯೇ. ಆದರೆ ಒಟ್ಟಾರೆಯ ಲಾಭ ಒಬ್ಬರಿಗೂ ಒಟ್ಟಾರೆಯ ಭಾರ ಇನ್ನೊಬ್ಬರಿಗೂ ಹಂಚಿಹೋದಾಗ ಏನು ಮಾಡಬೇಕು ಎಂಬ ಪ್ರಶ್ನೆ ಆಗ ಇಷ್ಟು ಚುರುಕಾಗಿರಲಿಲ್ಲ. ಈ ಲೇಖನದ ಚಿಂತೆ ಅದೇ.

1947ರ ಕೈಗಾರಿಕಾ ವಿವಾದ ಕಾಯ್ದೆ ಎರಡು ಬಗೆಯ ಒಪ್ಪಂದಗಳನ್ನು ಗುರುತಿಸಿತು. ಇಬ್ಬರೇ ಕೂತು ಮಾಡಿಕೊಂಡದ್ದು ಕಲಮು ಹದಿನೆಂಟು-ಒಂದು. ಅದು ಸಹಿ ಹಾಕಿದವರಿಗೆ ಮಾತ್ರ ಅನ್ವಯ. ಕಾರ್ಮಿಕ ಇಲಾಖೆಯ ಸಂಧಾನಾಧಿಕಾರಿಯ ಎದುರು ಆದದ್ದು ಹನ್ನೆರಡು-ಮೂರು. ಅದು ಕಾರ್ಖಾನೆಯ ಎಲ್ಲ ಕಾರ್ಮಿಕರಿಗೂ, ವಿರೋಧಿಸಿದ ಯೂನಿಯನ್‌ನವರಿಗೂ, ನಾಳೆ ಸೇರುವವರಿಗೂ ಅನ್ವಯ. ಹೀಗಾಗಿ ಕಂಪನಿಯ ಬೋರ್ಡ್ ರೂಮಿನಲ್ಲಿ ಕುದುರಿದ ವ್ಯವಹಾರವನ್ನು ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ ಒಯ್ದು, ಅಲ್ಲಿ ಸಂಧಾನವಾಯಿತೆಂದು ಬರೆಸಿ ಮುದ್ರೆ ಒತ್ತಿಸುವುದು ಬೆಂಗಳೂರಿನ ಹಳೆಯ ರೂಢಿ. ಫೋಟೊದಲ್ಲಿ ಅಧಿಕಾರಿ ನಡುವೆ ನಿಂತಿರುತ್ತಾರೆ.

ಇಷ್ಟೆಲ್ಲ ಏರ್ಪಾಡು ಮಾಡಿದ ಕಾನೂನು ಒಂದು ಮೂಲ ಪ್ರಶ್ನೆಯನ್ನು ಮುಟ್ಟದೇ ಬಿಟ್ಟಿತು: ಮಾಲೀಕ ಯಾರೊಂದಿಗೆ ಮಾತಾಡಲೇಬೇಕು? 1918ರಲ್ಲಿ ಬಿ.ಪಿ. ವಾಡಿಯಾ ಮದ್ರಾಸಿನಲ್ಲಿ ಕಾರ್ಮಿಕ ಸಂಘ ಕಟ್ಟಿದ ಮೇಲೆ ಬಕಿಂಗ್‌ಹ್ಯಾಮ್ ಮಿಲ್ಲಿನ ಮಾಲೀಕರಾದ ಬಿನ್ನಿ ಕಂಪನಿಯವರು, ನಮ್ಮ ಬೆಂಗಳೂರಿನ ಬಿನ್ನಿ ಮಿಲ್ಲಿನವರೇ, ಅವರನ್ನು ಕೋರ್ಟಿಗೆ ಎಳೆದರು. ಆ ಆಘಾತದಿಂದ ಹುಟ್ಟಿದ ಒತ್ತಡ 1926ರ ಟ್ರೇಡ್ ಯೂನಿಯನ್ ಕಾಯ್ದೆಯವರೆಗೆ ನಡೆಯಿತು. ಸಂಘಕ್ಕೆ ಹುಟ್ಟುವ ಹಕ್ಕು ಸಿಕ್ಕಿತು, ಮಾಲೀಕನ ಎದುರು ಕೂರುವ ಹಕ್ಕು ಸಿಗಲಿಲ್ಲ. ಅದೇ 1918ರಲ್ಲಿ ಅಹಮದಾಬಾದಿನ ಮಿಲ್ ಕಾರ್ಮಿಕರು ಶೇ. 50 ಹೆಚ್ಚಳ ಕೇಳಿದ್ದರು, ಮಾಲೀಕರು ಶೇ. 20 ಎಂದರು, ಗಾಂಧೀಜಿ ಲೆಕ್ಕ ಹಾಕಿ ಶೇ. 35 ನ್ಯಾಯವೆಂದರು. ಮುಷ್ಕರ, ಉಪವಾಸ ಎಲ್ಲ ಆಗಿ ಮಧ್ಯಸ್ಥಿಕೆದಾರರು ಕೊನೆಗೆ ಶೇ. 35ನ್ನೇ ಎತ್ತಿಹಿಡಿದರು. ಅಲ್ಲಿಂದ ನಮ್ಮವರಿಗೆ ಮೂರನೆಯವರ ತೀರ್ಪಿನ ಮೇಲೆ ಒಂದು ಮೋಹ ಅಂಟಿಕೊಂಡಿತು. ಸ್ವಾತಂತ್ರ್ಯ ಬಂದ ವರ್ಷವೇ ಯೂನಿಯನ್ ಮಾನ್ಯತೆಯನ್ನು ಕಡ್ಡಾಯ ಮಾಡುವ ತಿದ್ದುಪಡಿ ಅಂಗೀಕಾರವಾಯಿತು. ಅದನ್ನು ಜಾರಿಗೆ ತರಲೇ ಇಲ್ಲ. ಕಾಯ್ದೆಯ ಪುಸ್ತಕದಲ್ಲಿ ಹಾಗೆಯೇ ಉಳಿಯಿತು.

ಮೂರನೆಯವರ ತೀರ್ಪಿನ ಈ ಮೋಹವನ್ನು ಸರಿಯಾಗಿ ಗ್ರಹಿಸಿದವರು ವಿ.ವಿ. ಗಿರಿ. ಮುಂದೆ ರಾಷ್ಟ್ರಪತಿಯಾಗುವ ಮುನ್ನ, 1965ರಿಂದ 67ರವರೆಗೆ ಮೈಸೂರು ರಾಜ್ಯದ ರಾಜ್ಯಪಾಲರೂ ಆಗಿದ್ದವರು. ಕೇಂದ್ರದ ಕಾರ್ಮಿಕ ಮಂತ್ರಿಯಾಗಿದ್ದಾಗ ಅವರು ಹೇಳಿದ್ದಿಷ್ಟು: ಕಡ್ಡಾಯ ನ್ಯಾಯನಿರ್ಣಯ ಇರುವತನಕ ಎರಡೂ ಪಕ್ಷಗಳು ಮಾತಾಡುವುದನ್ನು ಕಲಿಯುವುದಿಲ್ಲ, ಜಗಳವನ್ನು ಟ್ರಿಬ್ಯೂನಲ್‌ಗೆ ಎಸೆದು ಕೈತೊಳೆದುಕೊಳ್ಳುತ್ತವೆ. ಅಧಿಕಾರಿಗಳೂ ಒಪ್ಪಲಿಲ್ಲ, ಹಲವು ಯೂನಿಯನ್‌ಗಳೂ ಒಪ್ಪಲಿಲ್ಲ. ಬ್ಯಾಂಕ್ ನೌಕರರ ತೀರ್ಪನ್ನು ಸರ್ಕಾರ ತಿದ್ದಿದ್ದಕ್ಕೆ 1954ರಲ್ಲಿ ಗಿರಿ ರಾಜೀನಾಮೆ ಕೊಟ್ಟು ಹೊರಬಂದರು. 1958ರಲ್ಲಿ ಬಂದ ಶಿಸ್ತು ಸಂಹಿತೆ ಬಹುಮತದ ಯೂನಿಯನ್‌ಗೆ ಮಾನ್ಯತೆ ಕೊಡಬೇಕು ಎಂದಿತು, ಆದರೆ ಅದು ಬರೀ ಸಜ್ಜನರ ಮಾತು. ಗಜೇಂದ್ರಗಡ್ಕರ್ ಆಯೋಗ 1969ರಲ್ಲಿ ಕಡ್ಡಾಯ ಮಾನ್ಯತೆಯನ್ನು ಶಿಫಾರಸು ಮಾಡಿತು. ಮಹಾರಾಷ್ಟ್ರ 1971ರಲ್ಲಿ ತನ್ನದೇ ಕಾನೂನು ಮಾಡಿಕೊಂಡಿತು. ಕರ್ನಾಟಕ ಮಾಡಲಿಲ್ಲ.

ಕಾನೂನಿಲ್ಲದೆಯೂ ಬೆಂಗಳೂರಿನಲ್ಲಿ ಚೌಕಾಸಿ ಗಟ್ಟಿಯಾಗಿ ಬೆಳೆದದ್ದು ಸಾರ್ವಜನಿಕ ಉದ್ದಿಮೆಗಳಿಂದ. 1940ರಲ್ಲಿ ಎಚ್‌ಎಎಲ್, 1948ರಲ್ಲಿ ಐಟಿಐ, ಆಮೇಲೆ ಎಚ್‌ಎಂಟಿ, ಬಿಇಎಲ್, ಬಿಇಎಂಎಲ್. ಕ್ವಾರ್ಟರ್ಸ್, ಸ್ಕೂಲು, ಬಸ್ಸು, ಕನ್ನಡ ಸಂಘ, ಕ್ಯಾಂಟೀನು, ಇವುಗಳ ಒಂದೊಂದು ಸೌಲಭ್ಯದ ಹಿಂದೆಯೂ ಒಂದು ಮಾತುಕತೆಯ ದಾಖಲೆ ಇದೆ. ಖಾಸಗಿಯ ಮೈಕೋ, ಕಿರ್ಲೋಸ್ಕರ್‌ಗಳೂ ಇವುಗಳನ್ನು ನೋಡಿಕೊಂಡೇ ಅಳತೆ ಹಾಕುತ್ತಿದ್ದವು. ಆದರೆ ಘಟಕದೊಳಗಿನ ಈ ಮಾತುಕತೆಗೆ ದೆಹಲಿಯ ಸಾರ್ವಜನಿಕ ಉದ್ದಿಮೆಗಳ ಬ್ಯೂರೊ ಬೇಲಿ ಹಾಕುತ್ತ ಬಂತು. ಸ್ಥಳೀಯ ಆಡಳಿತಕ್ಕೆ ಕೊಡುವ ಮನಸ್ಸಿದ್ದರೂ ಮೇಲಿನ ಸುತ್ತೋಲೆ ಬಿಡುತ್ತಿರಲಿಲ್ಲ. ಬಿಎಚ್‌ಇಎಲ್ ಕಾರ್ಮಿಕರಿಗೆ ಸಿಕ್ಕ ವೇತನ ನಮಗೂ ಬೇಕೆಂದು 1980ರ ಡಿಸೆಂಬರ್ ಕೊನೆಯಲ್ಲಿ ಬೆಂಗಳೂರಿನ ಐದು ಉದ್ದಿಮೆಗಳ ಲಕ್ಷಕ್ಕೂ ಮೀರಿದ ಕಾರ್ಮಿಕರು ಜಂಟಿ ಕ್ರಿಯಾ ರಂಗ ಕಟ್ಟಿಕೊಂಡು ಕೆಲಸ ನಿಲ್ಲಿಸಿದರು. ಮುಷ್ಕರ 77 ದಿನ ನಡೆಯಿತು. ಮುಖ್ಯ ಬೇಡಿಕೆ ಈಡೇರದೆ 1981ರ ಮಾರ್ಚಿನಲ್ಲಿ ಮುಗಿಯಿತು.

ಆ 77 ದಿನಗಳ ಸೋಲಿಗೆ ನಾಯಕತ್ವವನ್ನು, ಪಕ್ಷಗಳ ಒಳಜಗಳವನ್ನು ದೂರುವವರಿದ್ದಾರೆ. ನನ್ನ ಲೆಕ್ಕದಲ್ಲಿ ಮೂಲ ಕಾರಣ ಬೇರೆ. ಎದುರಿಗೆ ಕೂತ ಆಡಳಿತಕ್ಕೆ ಕೊಡುವ ಅಧಿಕಾರವೇ ಇರಲಿಲ್ಲ, ಅಧಿಕಾರ ಇದ್ದವರು ಎದುರಿಗೆ ಬಂದು ಕೂರಲಿಲ್ಲ. ಈ ರೋಗ ಇನ್ನೂ ವಾಸಿಯಾಗಿಲ್ಲ. 2017ರ ಜನವರಿಯಿಂದ ಬಾಕಿಯಿದ್ದ ವೇತನ ಪರಿಷ್ಕರಣೆಗಾಗಿ ಎಚ್‌ಎಎಲ್ ಕಾರ್ಮಿಕರು 2019ರ ಅಕ್ಟೋಬರ್ 14ರಿಂದ ದೇಶದ ಎಲ್ಲ ಘಟಕಗಳಲ್ಲಿ ಮುಷ್ಕರ ಹೂಡಿದರು. ಅಧಿಕಾರಿಗಳಿಗೆ ಕೊಟ್ಟ ಪ್ರಮಾಣದಲ್ಲೇ ನಮಗೂ ಕೊಡಿ ಎಂಬುದು ಅವರ ವಾದ. ಹೈಕೋರ್ಟ್ ತಡೆಯ ನಂತರ ಅವರು ಕೆಲಸಕ್ಕೆ ಮರಳಿದರು.

ಬೆಂಗಳೂರಿನ ಆ 77 ದಿನಗಳ ಮುಷ್ಕರ ಮುಗಿದ ಮರುವರ್ಷ, 1982ರಲ್ಲಿ, ಮುಂಬೈಯ ಜವಳಿ ಮಿಲ್ಲುಗಳಲ್ಲಿ ಆದದ್ದು ಇನ್ನೊಂದು ಪಾಠ. ಅಲ್ಲಿ ಕಾನೂನು ಇಡೀ ಉದ್ಯಮಕ್ಕೆ ಒಂದೇ ಪ್ರತಿನಿಧಿ ಯೂನಿಯನ್ ಎಂದು ಕಟ್ಟಿಹಾಕಿತ್ತು. ಆ ಯೂನಿಯನ್ ಮೇಲೆ ನಂಬಿಕೆ ಕಳೆದುಕೊಂಡ ಎರಡೂವರೆ ಲಕ್ಷದಷ್ಟು ಕಾರ್ಮಿಕರು, ಎಂಜಿನಿಯರಿಂಗ್ ಕಾರ್ಖಾನೆಗಳಲ್ಲಿ ಒಂದೊಂದಾಗಿ ಒಪ್ಪಂದ ಗೆದ್ದುಕೊಟ್ಟಿದ್ದ ದತ್ತಾ ಸಾಮಂತರ ಹಿಂದೆ ಹೋದರು. ಮಾಲೀಕರು ಸಾಮಂತರೊಂದಿಗೆ ಮಾತಾಡಲಿಲ್ಲ. ಕಾನೂನೂ ಮಾತಾಡಿ ಎನ್ನಲಿಲ್ಲ. ಮಾನ್ಯತೆಯ ಕಾನೂನು ಇಲ್ಲದಿದ್ದರೆ ಒಂದು ತೊಂದರೆ, ಜನ ಬಿಟ್ಟುಹೋದ ಯೂನಿಯನ್ನನ್ನೇ ಹಿಡಿದಿಡುವ ಕಾನೂನಿದ್ದರೆ ಅದಕ್ಕಿಂತ ದೊಡ್ಡ ತೊಂದರೆ.

ಉದಾರೀಕರಣದ ನಂತರದ ಕಥೆಗೆ ಬಿಡದಿಗಿಂತ ಒಳ್ಳೆಯ ಪಾಠಶಾಲೆ ಇಲ್ಲ. ಟೊಯೊಟಾ ಕಿರ್ಲೋಸ್ಕರ್ ಅಲ್ಲಿ 1999ರ ಕೊನೆಯಲ್ಲಿ ಉತ್ಪಾದನೆ ಶುರು ಮಾಡಿತು. ಸುತ್ತಲಿನ ಹಳ್ಳಿಗಳಿಂದ, ಐಟಿಐ ತರಬೇತಿ ಮುಗಿಸಿದ ಹುಡುಗರು ಸೇರಿದರು. 2006ರ ಜನವರಿಯಲ್ಲಿ ವಜಾಗೊಂಡವರ ಪರವಾಗಿ ಮುಷ್ಕರ, ಅದಕ್ಕೆ ಲಾಕೌಟ್. 2014ರ ಮಾರ್ಚ್ 16ರಂದು ತಿಂಗಳುಗಟ್ಟಲೆ ಎಳೆದ ವೇತನ ಮಾತುಕತೆ ಮುರಿದು ಮತ್ತೆ ಲಾಕೌಟ್. 2020ರ ನವೆಂಬರಿನಲ್ಲಿ ಒಬ್ಬ ಕಾರ್ಮಿಕನ ಅಮಾನತಿನಿಂದ ಕಿಡಿ ಹತ್ತಿ ಮೂರನೆಯದು, ಅದು 2021ರ ಮಾರ್ಚಿನವರೆಗೂ ಎಳೆಯಿತು. ಈ ಸಲದ ಜಗಳದ ಬುಡದಲ್ಲಿ ಇದ್ದದ್ದು ದುಡ್ಡಿಗಿಂತ ಹೆಚ್ಚಾಗಿ ಲೈನಿನ ವೇಗ. ಒಂದು ಕಾರು ಒಬ್ಬನ ಮುಂದೆ ಎಷ್ಟು ಹೊತ್ತು ನಿಲ್ಲಬೇಕು, ಆ ಹೊತ್ತಿನೊಳಗೆ ಎಷ್ಟು ಬೋಲ್ಟು ಬಿಗಿಯಬೇಕು, ನೀರು ಕುಡಿಯಲು ಹೋದರೆ ಜಾಗ ನೋಡಿಕೊಳ್ಳುವವರು ಯಾರು ಎಂಬ ಸಂಗತಿಗಳು. ಕಂಪನಿಯ ದೃಷ್ಟಿಯಲ್ಲಿ ಇವು ಎಂಜಿನಿಯರ್ ಲೆಕ್ಕ, ಮಾತುಕತೆಗೆ ಬರುವಂಥವಲ್ಲ. ಕಾರ್ಮಿಕನಿಗೆ ಇದು ಸೊಂಟದ ಲೆಕ್ಕ.

ವಿಚಿತ್ರವೆಂದರೆ ಜಪಾನಿನಲ್ಲಿ ಟೊಯೊಟಾ ಈ ಪಾಠವನ್ನು ಬಹಳ ಹಿಂದೆಯೇ ಕಲಿತಿತ್ತು. 1950ರ ದೊಡ್ಡ ಮುಷ್ಕರದಲ್ಲಿ ಸಂಸ್ಥಾಪಕ ಕೀಚಿರೊ ಟೊಯೊಡಾ ಅವರೇ ಅಧ್ಯಕ್ಷ ಸ್ಥಾನ ಬಿಡಬೇಕಾಯಿತು. 1962ರಲ್ಲಿ ಕಂಪನಿಯೂ ಯೂನಿಯನ್ನೂ ಜಂಟಿ ಘೋಷಣೆ ಹೊರಡಿಸಿದವು. ಅಲ್ಲಿನ ಯೂನಿಯನ್ ಮೆತ್ತಗಿನದು ಎಂಬ ಟೀಕೆ ನ್ಯಾಯವಾದದ್ದೇ. ಆದರೂ ಉತ್ಪಾದನೆಯ ವಿಷಯಗಳನ್ನು ಅದರೊಂದಿಗೆ ಚರ್ಚಿಸುವ ಏರ್ಪಾಡು ಅಲ್ಲಿದೆ. ಬಿಡದಿಗೆ ಉತ್ಪಾದನಾ ಪದ್ಧತಿ ಬಂತು, ಅದರ ಜೊತೆಗಿದ್ದ ಸಮಾಲೋಚನೆಯ ಅಭ್ಯಾಸ ಅಷ್ಟಾಗಿ ಬರಲಿಲ್ಲ.

ಇಲ್ಲಿ ಇನ್ನೊಂದು ರೂಢಿಯನ್ನೂ ಹೇಳಬೇಕು. 2014ರಲ್ಲಿ ಲಾಕೌಟ್ ತೆಗೆದ ಮೇಲೆ ಒಳಗೆ ಬರುವವರು ಸನ್ನಡತೆಯ ಮುಚ್ಚಳಿಕೆ ಬರೆದುಕೊಡಬೇಕು ಎಂಬ ಷರತ್ತು ಬಂತು. 2020ರಲ್ಲೂ ಬಂತು. 2011ರಲ್ಲಿ ಮಾನೇಸರದ ಮಾರುತಿಯಲ್ಲೂ ಇದೇ ಬಾಂಡ್ ಕೇಳಲಾಗಿತ್ತು. ಮರುವರ್ಷ ಜುಲೈ 18ರಂದು ಅಲ್ಲಿ ಹಿಂಸೆ ಭುಗಿಲೆದ್ದು ಅಧಿಕಾರಿಯೊಬ್ಬರು ಸತ್ತರು, ಹಲವು ಕಾರ್ಮಿಕರು ಜೀವಾವಧಿ ಶಿಕ್ಷೆಗೆ ಒಳಗಾದರು. ಆ ಸಾವನ್ನು ಯಾವ ಕಾರಣದಿಂದಲೂ ಸಮರ್ಥಿಸಲಾಗದು. ಆದರೆ ಸಾಮೂಹಿಕವಾಗಿ ಮಾತಾಡುವವರನ್ನು ಒಬ್ಬೊಬ್ಬರಾಗಿ ಬೇರ್ಪಡಿಸಿ ಸಹಿ ಹಾಕಿಸುವುದು ಶಾಂತಿಯ ದಾರಿಯಲ್ಲ ಎನ್ನಲು ಇಷ್ಟು ಅನುಭವ ಸಾಕು. ಬೇಸರದ ಸಂಗತಿಯೆಂದರೆ ನಮ್ಮ ಕಾನೂನೂ ಈಗ ಇದೇ ದಿಕ್ಕಿಗೆ ವಾಲಿದೆ. 2023ರಲ್ಲಿ ಕರ್ನಾಟಕ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು, ವಾರಕ್ಕೆ 48 ಗಂಟೆಯ ಮಿತಿಯೊಳಗೆ ದಿನಕ್ಕೆ 12 ಗಂಟೆಯವರೆಗೆ ದುಡಿಸಲು ದಾರಿ ಮಾಡಿತು, ಮೂರು ತಿಂಗಳ ಓವರ್‌ಟೈಮ್ ಮಿತಿಯನ್ನು 75ರಿಂದ 145 ಗಂಟೆಗೆ ಏರಿಸಿತು. ಅದಕ್ಕೆ ಬೇಕಾದದ್ದು ಕಾರ್ಮಿಕನ ಲಿಖಿತ ಒಪ್ಪಿಗೆ, ಯೂನಿಯನ್ ಒಪ್ಪಂದವಲ್ಲ. ಸೂಪರ್‌ವೈಸರ್ ಫಾರಂ ಹಿಡಿದು ನಿಂತಾಗ ಟ್ರೈನಿಯೊಬ್ಬ ಆಗುವುದಿಲ್ಲ ಎನ್ನುತ್ತಾನೆಂದು ನಂಬುವವರು ಯಾವ ಶಾಪ್ ಫ್ಲೋರನ್ನೂ ನೋಡಿರಲಾರರು.

ಮಾತುಕತೆ ಮುರಿದಾಗ ಏನಾಗುತ್ತದೆಂದು ಬಿಡದಿ ತೋರಿಸಿತು. ಮಾತುಕತೆಯೇ ಇಲ್ಲದಿದ್ದರೆ ಏನಾಗುತ್ತದೆಂದು ನರಸಾಪುರ ತೋರಿಸಿತು. 2020ರ ಡಿಸೆಂಬರ್ 12ರ ಬೆಳಗ್ಗೆ ಕೋಲಾರ ಜಿಲ್ಲೆಯ ವಿಸ್ಟ್ರಾನ್ ಐಫೋನ್ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿದವರು ಗಾಜು ಒಡೆದರು, ವಾಹನ ಸುಟ್ಟರು. ಹೇಳಿದ ಸಂಬಳ ಕೈಗೆ ಬಂದಿರಲಿಲ್ಲ ಎಂಬುದು ದೂರು. ಆಮೇಲೆ ತನಿಖೆಗಳಲ್ಲಿ ವೇತನ, ಹಾಜರಿಯ ಲೋಪಗಳು ಹೊರಬಿದ್ದವು, ಆಪಲ್ ಕಂಪನಿ ವಿಸ್ಟ್ರಾನನ್ನು ಕೆಲಕಾಲ ಪರೀಕ್ಷೆಯ ಮೇಲೆ ಇಟ್ಟಿತು. ಅಲ್ಲಿದ್ದವರಲ್ಲಿ ಹೆಚ್ಚಿನವರು ಹಲವು ಗುತ್ತಿಗೆ ಏಜೆನ್ಸಿಗಳ ಮೂಲಕ ಬಂದವರು. ದೂರು ಕೇಳುವ ಯೂನಿಯನ್ ಇರಲಿಲ್ಲ. ಕಾರ್ಖಾನೆಯ ಆಡಳಿತ ಏಜೆನ್ಸಿಯನ್ನು ತೋರಿಸುತ್ತದೆ, ಏಜೆನ್ಸಿ ಕಾರ್ಖಾನೆಯನ್ನು ತೋರಿಸುತ್ತದೆ.

ಗಾರ್ಮೆಂಟ್ಸ್‌ನಲ್ಲಿ ಇದೇ ಕಥೆ ಇನ್ನೂ ಹಳೆಯದು. ಪಿಎಫ್ ತೆಗೆಯುವ ನಿಯಮ ಬಿಗಿಯಾದಾಗ, 2016ರ ಏಪ್ರಿಲ್ 18 ಮತ್ತು 19ರಂದು, ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಯಾವ ದೊಡ್ಡ ಯೂನಿಯನ್ ಕರೆಯೂ ಇಲ್ಲದೆ ರಸ್ತೆಗೆ ಬಂದು ಎರಡು ದಿನದಲ್ಲಿ ಕೇಂದ್ರ ಸರ್ಕಾರದ ಕೈಲಿ ಆದೇಶ ವಾಪಸ್ ತೆಗೆಸಿದರು. ದೇಶದ ಸರ್ಕಾರವನ್ನು ಮಣಿಸಿದವರಿಗೆ ತಮ್ಮ ಲೈನಿನ ಗಂಟೆಯ ಟಾರ್ಗೆಟ್ ಬಗ್ಗೆ ಪ್ರೊಡಕ್ಷನ್ ಮ್ಯಾನೇಜರ್ ಜೊತೆ ಮಾತಾಡುವ ವ್ಯವಸ್ಥೆ ಇರಲಿಲ್ಲ, ಇವತ್ತಿಗೂ ಹೆಚ್ಚಿನ ಕಡೆ ಇಲ್ಲ. 2020ರ ಜೂನ್‌ನಲ್ಲಿ ಶ್ರೀರಂಗಪಟ್ಟಣದ ಗೋಕುಲ್‌ದಾಸ್ ಎಕ್ಸ್‌ಪೋರ್ಟ್ಸ್ ಘಟಕದಲ್ಲಿ ಸಾವಿರಕ್ಕೂ ಹೆಚ್ಚು ಜನರನ್ನು ಲೇ-ಆಫ್ ಮಾಡಿದಾಗ ಅವರು ಗೇಟಿನ ಮುಂದೆ ವಾರಗಟ್ಟಲೆ ಕೂತರು. ಮಾತುಕತೆ ಮುಂದುವರಿದದ್ದು ಅಲ್ಲಿ ಬಟ್ಟೆ ಕೊಳ್ಳುತ್ತಿದ್ದ ಎಚ್ ಆ್ಯಂಡ್ ಎಂ ಮೇಲೆ ದೇಶವಿದೇಶದಿಂದ ಒತ್ತಡ ಬಿದ್ದಮೇಲೆ. ಅಂಗಿಗೆ ಬೆಲೆ ಕಟ್ಟುವವನು ಸ್ವೀಡನ್ನಿನಲ್ಲಿ, ಹೊಲಿಯುವವಳು ಮಂಡ್ಯ ಜಿಲ್ಲೆಯಲ್ಲಿ. ನಡುವಿನ ಮಾಲೀಕ ತನ್ನ ಕೈಲಿ ಏನಿಲ್ಲ ಎನ್ನುವುದು ಪೂರಾ ಸುಳ್ಳೂ ಅಲ್ಲ. ಇದು 1981ರ ಸಾರ್ವಜನಿಕ ಉದ್ದಿಮೆಗಳ ರೋಗವೇ, ದೆಹಲಿಯ ಜಾಗದಲ್ಲಿ ಬ್ರ್ಯಾಂಡ್ ಬಂದು ಕೂತಿದೆ.

ಈಗ ಹಿಂದೆ ಕೇಳಿದ ಪ್ರಶ್ನೆಗೆ, ಒಪ್ಪಂದದ ಲಾಭ ಒಬ್ಬರಿಗೂ ಭಾರ ಇನ್ನೊಬ್ಬರಿಗೂ ಹಂಚಿಹೋಗುವ ಪ್ರಶ್ನೆಗೆ ಬರೋಣ. ವಾರ್ಷಿಕ ಕೈಗಾರಿಕಾ ಸಮೀಕ್ಷೆಯ ಪ್ರಕಾರ ನಮ್ಮ ಸಂಘಟಿತ ಕಾರ್ಖಾನೆಗಳಲ್ಲಿ 2000ದ ಹೊತ್ತಿಗೆ ಸುಮಾರು ಐವರಲ್ಲಿ ಒಬ್ಬ ಗುತ್ತಿಗೆಯವನಾಗಿದ್ದ, ಈಗ ಹತ್ತರಲ್ಲಿ ನಾಲ್ವರು. ಅಪ್ರೆಂಟಿಸ್, ಟ್ರೈನಿ, ನಿಗದಿತ ಅವಧಿಯವರು ಬೇರೆ. 2001ರ ಸ್ಟೀಲ್ ಅಥಾರಿಟಿ ತೀರ್ಪಿನ ನಂತರ ಗುತ್ತಿಗೆ ರದ್ದಾದರೂ ಕಾರ್ಮಿಕ ತಾನಾಗಿ ಕಾಯಂ ಆಗುವುದಿಲ್ಲ. ಎಲ್‌ಟಿಎಸ್ ಇರುವುದು ಕಾಯಂ ಜನರಿಗೆ. ಯೂನಿಯನ್ ಅವರದು. ಅದೇ ಲೈನಿನಲ್ಲಿ ಅದೇ ಸ್ಪ್ಯಾನರ್ ಹಿಡಿದು, ಬೇರೆ ಬಣ್ಣದ ಶರ್ಟು ಹಾಕಿಕೊಂಡು, ಮೂರನೇ ಒಂದರಷ್ಟು ಸಂಬಳಕ್ಕೆ ದುಡಿಯುವವನಿಗೆ ಅದರಲ್ಲಿ ಪಾಲಿಲ್ಲ. ಕಾಯಂ ಕಾರ್ಮಿಕನ ಏರಿಕೆಯ ಒಂದು ಭಾಗವನ್ನು, ಮುಂದೆ ಕಾಯಂ ಮಾಡಿಕೊಳ್ಳದೇ ಇರುವುದರಿಂದ ಉಳಿದ ದುಡ್ಡಿನಲ್ಲಿ ಕಂಪನಿ ಕೊಡುತ್ತದೆ ಎಂದು ಯೂನಿಯನ್ ನಾಯಕರಿಗೆ ಗೊತ್ತಿಲ್ಲವೆಂದೇನಲ್ಲ. ಹಾಗೆಂದು ಬಾಯಿಬಿಟ್ಟು ಹೇಳುವವರು ಕಡಿಮೆ. 1980ರ ದಶಕದ ಆರಂಭದಲ್ಲಿ ಕಾರ್ಖಾನೆಗಳ ನಿವ್ವಳ ಮೌಲ್ಯವರ್ಧನೆಯಲ್ಲಿ ಕಾರ್ಮಿಕರ ಕೂಲಿಯ ಪಾಲು ಶೇ. 30ರ ಸುಮಾರಿತ್ತು. 2010ರ ಹೊತ್ತಿಗೆ ಅದು ಅರ್ಧಕ್ಕಿಂತ ಕೆಳಗಿಳಿದಿತ್ತು. ಈ ಇಳಿಕೆಗೆ ಯಂತ್ರಗಳೂ ಕಾರಣ, ಮಾರುಕಟ್ಟೆಯೂ ಕಾರಣ. ಆದರೆ ಎದುರಿಗೆ ಕೂತವನ ಬೆನ್ನ ಹಿಂದೆ ಅರ್ಧ ಫ್ಯಾಕ್ಟರಿ ಮಾತ್ರ ನಿಂತಿದ್ದರೆ ಅವನ ಮಾತಿಗೆ ಅರ್ಧವೇ ತೂಕ.

2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆ, ಮಾಲೀಕ ಯಾರೊಂದಿಗೆ ಮಾತಾಡಲೇಬೇಕು ಎಂಬ ಪ್ರಶ್ನೆಗೆ ಕೊನೆಗೂ ಉತ್ತರ ಕೊಟ್ಟಿದೆ. ಹಲವು ಯೂನಿಯನ್ ಇರುವ ಕಡೆ ಹಾಜರಿ ಪಟ್ಟಿಯ ಶೇ. 51 ಕಾರ್ಮಿಕರ ಬೆಂಬಲವಿದ್ದವರೇ ಏಕೈಕ ಮಾತುಕತೆ ಯೂನಿಯನ್. ಯಾರಿಗೂ ಅಷ್ಟಿಲ್ಲದಿದ್ದರೆ ಶೇ. 20 ಬೆಂಬಲ ಇರುವ ಯೂನಿಯನ್‌ಗಳ ಮಂಡಳಿ. ಇದನ್ನು ನಾನು ಸ್ವಾಗತಿಸುತ್ತೇನೆ. 2024ರ ಸೆಪ್ಟೆಂಬರಿನಲ್ಲಿ ಶ್ರೀಪೆರಂಬುದೂರಿನ ಸ್ಯಾಮ್‌ಸಂಗ್ ಕಾರ್ಮಿಕರು ತಿಂಗಳಿಗೂ ಹೆಚ್ಚು ಮುಷ್ಕರ ಹೂಡಬೇಕಾದದ್ದು ಬಹುಮಟ್ಟಿಗೆ ತಮ್ಮ ಯೂನಿಯನ್ ಇದೆ ಎಂದು ಒಪ್ಪಿಸುವುದಕ್ಕೇ. ಅಂಥ ಜಗಳಕ್ಕೆ ಈಗ ಒಂದು ಅಳತೆಗೋಲಾದರೂ ಇದೆ. ಆದರೆ ಅದೇ ಸಂಹಿತೆ ಎಲ್ಲ ಉದ್ಯಮಗಳಲ್ಲೂ ಮುಷ್ಕರಕ್ಕೆ 14 ದಿನಗಳ ನೋಟಿಸ್ ಕಡ್ಡಾಯ ಮಾಡಿದೆ, ಅರ್ಧಕ್ಕರ್ಧ ಜನ ಒಟ್ಟಿಗೆ ಸಾಂದರ್ಭಿಕ ರಜೆ ಹಾಕಿದರೂ ಮುಷ್ಕರ ಎನ್ನುತ್ತದೆ, 300ಕ್ಕಿಂತ ಕಡಿಮೆ ಜನರಿರುವ ಕಾರ್ಖಾನೆಯನ್ನು ಸರ್ಕಾರದ ಅನುಮತಿಯಿಲ್ಲದೆ ಮುಚ್ಚಬಹುದು ಎನ್ನುತ್ತದೆ. ಕುರ್ಚಿ ಕೊಟ್ಟು ಕೈ ಕಟ್ಟಿದಂತೆ. ಯಾವ ಹಾಜರಿ ಪಟ್ಟಿ ಎಂಬುದು ಅದಕ್ಕಿಂತ ದೊಡ್ಡ ಪ್ರಶ್ನೆ. ಗುತ್ತಿಗೆಯವನ ಹೆಸರು ಇರುವುದು ಗುತ್ತಿಗೆದಾರನ ಪುಸ್ತಕದಲ್ಲಿ. ಕಾರ್ಖಾನೆಯ ಸುಮಾರು ಅರ್ಧವನ್ನು ಬಿಟ್ಟು ಉಳಿದ ಅರ್ಧದಲ್ಲಿ ಶೇ. 51 ಗಳಿಸಿದವರು ಇಡೀ ಕಾರ್ಖಾನೆಯ ಹೆಸರಿನಲ್ಲಿ ಮಾತಾಡುತ್ತಾರೆ.

ಆಡಳಿತ ವರ್ಗದ ವಾದವನ್ನೂ ತಳ್ಳಿಹಾಕುವಂತಿಲ್ಲ. ಆರ್ಡರ್ ಏರಿಳಿಯುತ್ತದೆ, ಎಲ್ಲರನ್ನೂ ಕಾಯಂ ಮಾಡಿಕೊಂಡರೆ ಇಳಿದಾಗ ಗತಿಯೇನು ಎನ್ನುತ್ತಾರೆ. ಒಪ್ಪೋಣ. ತಾತ್ಕಾಲಿಕವಾಗಿ ದುಡಿಯುವವನಿಗೆ ತಾತ್ಕಾಲಿಕವಾಗಿಯಾದರೂ ಓಟು ಕೊಡಬಹುದಲ್ಲ? ಜರ್ಮನಿಯ ಕಾರ್ಖಾನೆಗಳಲ್ಲಿ ಏಜೆನ್ಸಿ ಕಾರ್ಮಿಕನೂ ಮೂರು ತಿಂಗಳಿಗಿಂತ ಹೆಚ್ಚು ಕಾಲಕ್ಕೆ ನೇಮಕಗೊಂಡಿದ್ದರೆ, ದುಡಿಯುವ ಕಾರ್ಖಾನೆಯ ಕಾರ್ಮಿಕ ಮಂಡಳಿಯ ಚುನಾವಣೆಯಲ್ಲಿ ಮತ ಹಾಕಬಹುದು. 2001ರಿಂದ ಅಲ್ಲಿ ಹಾಗಿದೆ. ಬೆಂಗಳೂರಿನ ಬಾಷ್ ಕಂಪನಿಯ ಮೂಲ ಮನೆ ಆ ಕಾನೂನಿನೊಳಗೇ ನಡೆಯುತ್ತಿದೆ, ಮುಳುಗಿಲ್ಲ. ನಮ್ಮಲ್ಲಿ ನೂರಕ್ಕೂ ಹೆಚ್ಚು ಜನರಿರುವ ಕಡೆ ವರ್ಕ್ಸ್ ಕಮಿಟಿ ಎಂಬ ಏರ್ಪಾಡು 1947ರಿಂದಲೂ ಇದೆ. ಅದು ಯೂನಿಯನ್ ಬದಲಿಗೆ ಚೌಕಾಸಿ ಮಾಡಲಾಗದು ಎಂದು ಸುಪ್ರೀಂ ಕೋರ್ಟ್ 1960ರಲ್ಲೇ ನಾರ್ತ್‌ಬ್ರೂಕ್ ಜೂಟ್ ಪ್ರಕರಣದಲ್ಲಿ ಹೇಳಿದ್ದರಿಂದ ಅದು ಕ್ಯಾಂಟೀನಿನ ಸಾಂಬಾರಿನ ರುಚಿ ಚರ್ಚಿಸುವ ಸಭೆಯಾಗಿ ಉಳಿದಿದೆ. ಲೈನಿನ ವೇಗ, ಟಾರ್ಗೆಟ್, ಸುರಕ್ಷತೆ ಈ ಮೂರು ವಿಷಯಗಳಿಗಷ್ಟೇ ಆ ಸಮಿತಿಯಲ್ಲಿ ಗುತ್ತಿಗೆಯವರಿಗೂ ಓಟು ಕೊಟ್ಟರೆ ಕಾಯ್ದೆಯ ಆಕಾಶ ಕಳಚಿ ಬೀಳುವುದಿಲ್ಲ.

ಇದನ್ನು ಕಾನೂನಿಗೆ ಮೊದಲೇ ಯೂನಿಯನ್‌ಗಳು ಮಾಡಬಹುದು. ಮುಂದಿನ ಎಲ್‌ಟಿಎಸ್ ಬೇಡಿಕೆ ಪಟ್ಟಿ ತಯಾರಿಸುತ್ತಿರುವವರಿಗೆ ಒಂದು ಕೋರಿಕೆ: ಮೂಲ ವೇತನದ ಕಲಮಿಗೆ ಹೋಗುವ ಮೊದಲು, ಈ ಒಪ್ಪಂದ ಯಾರಿಗೆ ಅನ್ವಯಿಸುತ್ತದೆ ಎಂಬ ಮೊದಲನೆಯ ಕಲಮನ್ನು ತಿದ್ದಿ. ಅಲ್ಲಿ ನಿಮ್ಮ ಪಕ್ಕದ ಮೆಷಿನ್ನಿನವನ ಹೆಸರು ಸೇರುವಂತೆ ಕೇಳಿ. ಕೊಡದಿದ್ದರೆ ಕೊಡಲಿಲ್ಲವೆಂದು ಗೇಟ್ ಮೀಟಿಂಗಿನಲ್ಲಿ ಅವನ ಎದುರೇ ಹೇಳಿ.